ತಾಮ್ರದ ತಂತಿಯ ಬ್ಯಾಡ್ಜು

ನಾನು ಹೊಲಿಗೆ ಕಲಿತದ್ದು ವೈಟ್‌ಫೀಲ್ಡಿನ ಒಂದು ಕಾನ್ವೆಂಟಿನಲ್ಲಿ. ಕಾನ್ವೆಂಟು ಅಂದ ಕೂಡಲೇ ನಾನು ಅಲ್ಲಿ ಇಂಗ್ಲಿಷ್ ಓದಿದವಳು ಅಂತ ತಿಳಿಯಬೇಡಿ. ಏಳನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದ್ದರು. ಸುತ್ತಲ ಹಳ್ಳಿಗಳ ಹುಡುಗಿಯರಿಗೆಂದು ಅಲ್ಲಿ ಮಧ್ಯಾಹ್ನದ ಹೊತ್ತು ಎರಡು ತಾಸು ಹೊಲಿಗೆ ಹೇಳಿಕೊಡುತ್ತಿದ್ದರು. ನಮ್ಮೂರಿನಿಂದ ಅಲ್ಲಿಗೆ ರಾಗಿ ಹೊಲಗಳ ನಡುವೆ ಮುಕ್ಕಾಲು ಗಂಟೆ ನಡಿಗೆ. ಆ ಹೊಲಗಳಿದ್ದ ಜಾಗವನ್ನೇ ಈಗ ಬ್ರೂಕ್‌ಫೀಲ್ಡ್ ಅನ್ನುತ್ತಾರೆ.

ಕಲಿಸುತ್ತಿದ್ದ ಸಿಸ್ಟರ್ ಐರ್ಲೆಂಡಿನವರು. ಐವತ್ತೈದರ ಆಸುಪಾಸಿನ ವಯಸ್ಸು, ಎತ್ತರದ ಆಳು, ಕತ್ತರಿ ಹಿಡಿದರೆ ಬಟ್ಟೆಗೆ ಗುರುತು ಹಾಕದೆಯೇ ನೇರಕ್ಕೆ ಕತ್ತರಿಸುವವರು. ನಮ್ಮ ದೇಶಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿತ್ತು. ಕನ್ನಡವನ್ನು ಕಾನ್ವೆಂಟಿನ ಅಡುಗೆಯವಳಿಂದ ಕಲಿತಿದ್ದರು. ಅವಳ ಮನೆಮಾತು ತಮಿಳು. ಹಾಗಾಗಿ ಸಿಸ್ಟರಿಗೆ ಕೋಪ ಬಂದಾಗ ಕನ್ನಡ ಹಿಂದೆ ಬಿದ್ದು ತಮಿಳು ಮುಂದೆ ಬರುತ್ತಿತ್ತು.

ಒಂದು ವರ್ಷ ಆಗಸ್ಟ್ ಹದಿನೈದಕ್ಕೆ ಅಂತ ನಾವು ಸಣ್ಣ ಸಣ್ಣ ಬಾವುಟ ಹೊಲಿಯುತ್ತಿದ್ದೆವು. ಕೇಸರಿ, ಬಿಳಿ, ಹಸಿರು ಪಟ್ಟಿಗಳನ್ನು ಜೋಡಿಸಿ, ಪಕ್ಕದಲ್ಲಿ ಕೋಲು ತೂರಿಸಲು ಬಟ್ಟೆ ಮಡಚಿ ಹೊಲಿಯಬೇಕಿತ್ತು. ಚಕ್ರವನ್ನು ಕೊನೆಗೆ ಬಣ್ಣದಲ್ಲಿ ಬರೆಯುವುದು. ನಾನು ಮಾತಾಡುತ್ತಾ ಮಾತಾಡುತ್ತಾ ಆ ಮಡಿಕೆಯನ್ನು ಪಕ್ಕದಲ್ಲಿ ಹೊಲಿಯುವ ಬದಲು ಹಸಿರು ಪಟ್ಟಿಯ ಉದ್ದಕ್ಕೂ ಹೊಲಿದುಬಿಟ್ಟೆ. ಕೋಲು ತೂರಿಸಿ ಎತ್ತಿದರೆ ಮೂರು ಬಣ್ಣವೂ ನೆಟ್ಟಗೆ ನಿಂತಿದ್ದವು. ಹುಡುಗಿಯರೆಲ್ಲ ನಕ್ಕರು. ಬೈಗುಳ ಬೀಳುತ್ತದೆ ಅಂದುಕೊಂಡೆ. ಸಿಸ್ಟರ್ ಅದನ್ನು ಕೈಗೆ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ನಮ್ಮೂರಿನ ಬಾವುಟ. ನಮ್ಮಮ್ಮ ಹೊಲಿದಿದ್ದು ಇದನ್ನೇ" ಅಂದರು.

ಮಾರನೆಯ ದಿನ ಅವರೊಂದು ಗುಂಡಿ ಡಬ್ಬಿ ತಂದರು. ಅದರೊಳಗೆ ಗುಂಡಿಗಳ ಜೊತೆ ಒಂದು ಪಿನ್ನು, ಒಂದು ಹಳೆಯ ಫೋಟೋ. ಪಿನ್ನಿನ ಮೇಲೆ ಅಡ್ಡಕ್ಕೆ ಒಂದು ಕೋವಿ, ಅದರ ಸುತ್ತ ಬಳ್ಳಿಯ ಹಾಗೆ ಹೆಣೆದ ಅಕ್ಷರಗಳು. ಫೋಟೋದಲ್ಲಿ ಉದ್ದನೆಯ ಲಂಗ, ನಾಲ್ಕು ಜೇಬಿನ ಕೋಟು, ಒಂದು ಕಡೆ ಅಂಚು ಮಡಚಿದ ಟೋಪಿ ತೊಟ್ಟ ಆರು ಜನ ಹೆಂಗಸರು. ಅವರಲ್ಲಿ ಒಬ್ಬಾಕೆ ಸಿಸ್ಟರ ತಾಯಿ. ಬ್ರಿಟಿಷರನ್ನು ಓಡಿಸಬೇಕು ಅಂತ ಆ ಊರಿನ ಹೆಂಗಸರು ತಾವೇ ಒಂದು ದಳ ಕಟ್ಟಿಕೊಂಡಿದ್ದರಂತೆ.

"ಈ ಕೋಟು ಯಾರು ಕೊಟ್ರು ಸಿಸ್ಟರ್?" ಅಂತ ಕೇಳಿದೆ. ನನಗೆ ಕೋವಿಗಿಂತ ಕೋಟಿನ ಮೇಲೆಯೇ ಕಣ್ಣು. ಆ ಜೇಬುಗಳ ಹೊಲಿಗೆ ಅಷ್ಟು ಚೆನ್ನಾಗಿತ್ತು.

"ಯಾರೂ ಕೊಡಲಿಲ್ಲ. ಹಸಿರು ಉಣ್ಣೆ ಬಟ್ಟೆ ತಗೊಂಡು ಅವರವರೇ ಹೊಲ್ಕೊಂಡ್ರು. ಬಟ್ಟೆ ತಗೊಳ್ಳಕ್ಕೆ ಆಗದೇ ಇದ್ದವರು ಬರೀ ಬ್ಯಾಡ್ಜ್ ಹಾಕ್ಕೊಂಡ್ರು."

ಅವರ ತಾಯಿ ಕೋವಿ ಹಾರಿಸಿದವರಲ್ಲವಂತೆ. ಗಾಯಗೊಂಡವರಿಗೆ ಪಟ್ಟಿ ಕಟ್ಟಿದ್ದು, ಗಂಜಿ ಬೇಯಿಸಿದ್ದು, ಲಂಗದ ಮಡಿಕೆಯಲ್ಲಿ ಚೀಟಿ ಇಟ್ಟುಕೊಂಡು ಊರಿನ ಈ ಕೊನೆಯಿಂದ ಆ ಕೊನೆಗೆ ತಲುಪಿಸಿದ್ದು. ಹೋರಾಟ ಸೋತಾಗ ಬ್ರಿಟಿಷ್ ಸೈನ್ಯದ ಅಧಿಕಾರಿಯೊಬ್ಬ, ಆ ಬ್ಯಾಡ್ಜ್ ತೆಗೆದು, ನಾವು ಬರೀ ದಾದಿಯರು ಅಂತ ಹೇಳಿ ಮನೆಗೆ ಹೋಗಿ ಅಂದನಂತೆ. ಆಕೆ ತೆಗೆಯಲಿಲ್ಲ. ಜೈಲಿಗೆ ಹೋದರು. ಸಿಸ್ಟರ್ ಇದನ್ನೆಲ್ಲ ಕಾಜ ಹೊಲಿಯುವುದನ್ನು ಹೇಳಿಕೊಡುವ ದನಿಯಲ್ಲೇ ಹೇಳಿ ಡಬ್ಬಿ ಮುಚ್ಚಿದರು. ನಾವು ಮತ್ತೆ ಬಾವುಟಕ್ಕೆ ಕೂತೆವು. ನನ್ನದನ್ನು ಬಿಚ್ಚಿ ಸರಿಯಾಗಿ ಹೊಲಿಯಬೇಕಾಯಿತು.

ಇದಾಗಿ ಎರಡು ವರ್ಷಕ್ಕೆ ನನಗೆ ದೊಡ್ಡನೆಕ್ಕುಂದಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಟ್ರಾನ್ಸ್‌ಫಾರ್ಮರಿಗೆ ಬೇಕಾದ ಸುರುಳಿ ಸುತ್ತುತ್ತಿದ್ದರು. ಕಾರ್ಖಾನೆ ಎದ್ದ ಜಾಗದಲ್ಲಿ ನಮ್ಮದೂ ಎರಡು ಎಕರೆ ಸೇರಿತ್ತು. ಜಮೀನು ಕೊಟ್ಟ ಮನೆಗೊಂದು ಕೆಲಸ ಅಂತ ಅಪ್ಪನನ್ನು ಮೊದಲೇ ಗೇಟಿನ ಕಾವಲಿಗೆ ತಗೊಂಡಿದ್ದರು. ಅದುವರೆಗೆ ಪಂಚೆ ಬಿಟ್ಟು ಬೇರೆ ಉಟ್ಟವನಲ್ಲ ನಮ್ಮಪ್ಪ. ಖಾಕಿ ಪ್ಯಾಂಟು, ಹಿತ್ತಾಳೆ ಬಕ್ಕಲಿನ ಬೆಲ್ಟು, ಎದೆಯ ಮೇಲೆ ನಂಬರಿನ ಬ್ಯಾಡ್ಜು ಬಂದ ಮೇಲೆ ಅವನ ನಡಿಗೆಯೇ ಬದಲಾಯಿತು. ಭಾನುವಾರ ಜಗಲಿಯ ಮೇಲೆ ಕೂತು ಬಕ್ಕಲನ್ನು ಹುಣಿಸೆಹಣ್ಣಿನಲ್ಲಿ ಉಜ್ಜುತ್ತಿದ್ದ. ಸಂಜೆ ಕೆಲಸ ಬಿಟ್ಟಾಗ ಹೊರಗೆ ಹೋಗುವವರ ಬುತ್ತಿ, ಚೀಲ ತಪಾಸಣೆ ಮಾಡುವುದು ಅವನ ಕೆಲಸ.

ಸುರುಳಿ ಸುತ್ತುವ ವಿಭಾಗದಲ್ಲಿ ನಾವು ಇಪ್ಪತ್ತಾರು ಜನ, ಎಲ್ಲರೂ ಹೆಂಗಸರು. ತಾಮ್ರದ ತಂತಿ ಕೂದಲಿನಷ್ಟು ಸಣ್ಣ, ಗಂಡಸರ ಬೆರಳಿಗೆ ಬಗ್ಗುವುದಿಲ್ಲ ಅನ್ನುತ್ತಿದ್ದರು. ಉಳಿದ ವಿಭಾಗಗಳ ಗಂಡಸರಿಗೆ ವರ್ಷಕ್ಕೆ ಎರಡು ಜೊತೆ ನೀಲಿ ಯೂನಿಫಾರಂ, ನಂಬರಿನ ಬ್ಯಾಡ್ಜು. ನಮಗೆ ಎರಡೂ ಇಲ್ಲ. ನಾವು ಟೆಂಪರರಿ. ದಿನಾ ಬೆಳಿಗ್ಗೆ ಗೇಟಿನಲ್ಲಿ ರಟ್ಟಿನ ಚೀಟಿ ತಗೊಂಡು ಸಂಜೆ ವಾಪಸು ಕೊಡಬೇಕು. ಚೀಟಿ ಇಲ್ಲದ ದಿನ ನಾವು ಯಾರೂ ಅಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಹಳಬಳನ್ನು ನಾವು ಮಾಲೂರಕ್ಕ ಅನ್ನುತ್ತಿದ್ದೆವು. ದಿನಾ ಮಾಲೂರಿನಿಂದ ರೈಲಿನಲ್ಲಿ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನನಗೆ ಸುತ್ತುವುದನ್ನು ಕಲಿಸಿದವಳೂ ಅವಳೇ.

ಒಂದು ದಿನ ನಮ್ಮ ಸಾಲಿನ ಹುಡುಗಿಯೊಬ್ಬಳ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕಿಕೊಂಡಿತು. ಅವಳು ಕೂಗುವಷ್ಟರಲ್ಲಿ ಯಂತ್ರ ಅವಳನ್ನು ಎಳೆದುಕೊಂಡಿತ್ತು. ಮಾಲೂರಕ್ಕ ಓಡಿಹೋಗಿ ಸ್ವಿಚ್ಚು ಆರಿಸಿದಳು. ಜೀವಕ್ಕೇನೂ ಆಗಲಿಲ್ಲ. ಆದರೆ ಹುಡುಗಿಯ ಬಲಗೈಯ ಎರಡು ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅವಳನ್ನು ಮನೆಗೆ ಕಳಿಸಿದರು, ಅಷ್ಟೇ.

ನಾವು ನಾಲ್ಕು ಜನ ಪರ್ಸನೆಲ್ ಆಫೀಸರ ಹತ್ತಿರ ಹೋದೆವು. ಸೀರೆಯ ಮೇಲೆ ಹಾಕಿಕೊಳ್ಳಲು ಕೋಟು ಕೊಡಿ ಅಂದೆವು.

"ಸೀರೆ ಉಟ್ಕೊಂಡು ಲಕ್ಷಣವಾಗಿ ಬರ್ತೀರಲ್ಲಮ್ಮ, ನಿಮಗ್ಯಾಕೆ ಯೂನಿಫಾರಂ? ಸೆರಗು ಸೊಂಟಕ್ಕೆ ಸಿಗಿಸ್ಕೊಳ್ಳಿ" ಅಂದರು.

ಯೂನಿಯನ್ ಸೆಕ್ರೆಟರಿಯ ಹತ್ತಿರ ಹೋದೆವು. ಯೂನಿಫಾರಂ ಕೊಟ್ಟರೆ ನಿಮ್ಮನ್ನು ಪರ್ಮನೆಂಟ್ ಅಂತ ಒಪ್ಪಿಕೊಂಡ ಹಾಗಾಗುತ್ತೆ, ಅದಕ್ಕೇ ಕೊಡೋದಿಲ್ಲ, ಮುಂದಿನ ಮಾತುಕತೆಯಲ್ಲಿ ನೋಡೋಣ ಅಂದ. ಅವನಾದರೂ ನಿಜ ಹೇಳಿದ.

ಊಟದ ಹೊತ್ತಿನಲ್ಲಿ ಮರದ ಕೆಳಗೆ ಕೂತಾಗ ನಾನು ಸಿಸ್ಟರ ತಾಯಿಯ ಕಥೆ ಹೇಳಿದೆ. ಸುಮ್ಮನೆ ಹೊತ್ತು ಹೋಗಲಿ ಅಂತ ಹೇಳಿದ್ದು. ಮಾಲೂರಕ್ಕ ಮಜ್ಜಿಗೆ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, "ಅವರೇ ಹೊಲ್ಕೊಂಡ್ರಾ?" ಅಂದಳು.

"ಹೂಂ, ಅವರೇ."

"ನಿಂಗೆ ಕೋಟು ಹೊಲಿಯಕ್ಕೆ ಬರುತ್ತಾ?"

ಬರುತ್ತೆ ಅಂದೆ. ಅಲ್ಲಿಗೆ ತೀರ್ಮಾನವಾಯಿತು.

ಎಲ್ಲರೂ ದುಡ್ಡು ಒಟ್ಟುಗೂಡಿಸಿ ಚಿಕ್ಕಪೇಟೆಯಿಂದ ಬಾಟಲ್ ಗ್ರೀನ್ ಬಟ್ಟೆ ತಂದರು. ಸ್ಕೂಲ್ ಯೂನಿಫಾರಮ್ಮಿಗೆ ಅಂತ ತರಿಸಿ ಉಳಿದುಹೋದ ಥಾನು. ಕಾನ್ವೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಹೊಲಿಗೆ ಮಿಷನ್ನು ಖಾಲಿ ಇರುತ್ತಿತ್ತು. ಸಿಸ್ಟರ ಹತ್ತಿರ ಕೇಳಿದೆ. ಯಾಕೆ ಅಂತ ತಿಳಿದ ಮೇಲೆ ಅವರ ಮುಖ ಬಿಗಿಯಾಯಿತು.

"ನಾನು ಆ ಕಥೆ ಹೇಳಿದ್ದು ಇದಕ್ಕಲ್ಲ. ಅಮ್ಮ ಜೈಲಿಂದ ಬಂದ ಮೇಲೆ ಎರಡು ವರ್ಷ ಎಲ್ಲೂ ಕೆಲಸ ಸಿಗಲಿಲ್ಲ. ಅದನ್ನೂ ಹೇಳು ಅವರಿಗೆ" ಅಂದರು. ಆದರೂ ಬೀಗದ ಕೈ ಕೊಟ್ಟರು. ನಾನು ಕತ್ತರಿಸಿದ ಮೊದಲ ಕೋಟಿನ ಹೆಗಲು ಸರಿಯಿಲ್ಲ ಅಂತ ತಾವೇ ಮತ್ತೆ ಕತ್ತರಿಸಿ ತೋರಿಸಿದರು.

ಆರು ಭಾನುವಾರ ಹೊಲಿದೆ. ಮೊಣಕಾಲಿನವರೆಗಿನ ಕೋಟು, ಮುಂದೆ ಐದು ಗುಂಡಿ, ಎರಡು ಜೇಬು. ಸೆರಗು ಪೂರಾ ಒಳಗೆ ಕೂರುತ್ತಿತ್ತು. ಉಳಿದದ್ದು ಬ್ಯಾಡ್ಜು. ಮಾಲೂರಕ್ಕನಿಗೆ ಕೋವಿ ಬೇಡ, ನಮ್ಮ ಕೆಲಸದ್ದೇ ಗುರುತು ಬೇಕು. ರೂಪಾಯಿಯಗಲದ ಬಟ್ಟೆಯ ಬಿಲ್ಲೆಯ ಮೇಲೆ ತಾಮ್ರದ ತಂತಿಯನ್ನು ಸುರುಳಿಯಾಗಿ ಕೂರಿಸಿ ದಾರದಿಂದ ಹೊಲಿಯುವುದು ಅಂತ ಆಯಿತು. ಒಂದು ಮಾಡಿ ನೋಡಿದಾಗ ಎಲ್ಲರಿಗೂ ಇಷ್ಟವಾಯಿತು. ಬಿಸಿಲಿಗೆ ಹಿಡಿದರೆ ಹೊಳೆಯುತ್ತಿತ್ತು.

ಆ ತಂತಿಯನ್ನು ಹೊರಗೆ ತಂದವಳು ನಾನು. ನೆಲಕ್ಕೆ ಬಿದ್ದ ತುಂಡುಗಳು, ಕೊನೆಗೆ ಕಸದ ಡಬ್ಬಿಗೆ ಹೋಗುವಂಥವು. ಆದರೆ ಕಾರ್ಖಾನೆಯ ಲೆಕ್ಕದಲ್ಲಿ ಅದೂ ತಾಮ್ರವೇ. ಊಟದ ಡಬ್ಬಿಯ ತಳದಲ್ಲಿ ಹಾಕಿಕೊಂಡು ಮೂರು ಸಂಜೆ ಗೇಟು ದಾಟಿದೆ. ಎಲ್ಲರ ಡಬ್ಬಿ ತೆರೆಸುತ್ತಿದ್ದ ಅಪ್ಪ ನನ್ನದನ್ನು ಯಾವತ್ತೂ ತೆರೆಸುತ್ತಿರಲಿಲ್ಲ. ನಡಿ ನಡಿ ಅಂತ ಕೈ ಆಡಿಸುತ್ತಿದ್ದ. ಅದು ಗೊತ್ತಿದ್ದೇ ನಾನು ತಂದದ್ದು.

ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತೈದು ಜನ ಹಸಿರು ಕೋಟು ತೊಟ್ಟು, ಎಡಗಡೆ ಎದೆಗೆ ಬ್ಯಾಡ್ಜು ಚುಚ್ಚಿಕೊಂಡು ಇಬ್ಬಿಬ್ಬರ ಸಾಲಿನಲ್ಲಿ ರಸ್ತೆಯಲ್ಲಿ ಬಂದೆವು. ಯಾರೂ ಘೋಷಣೆ ಕೂಗಲಿಲ್ಲ. ಬಸ್ಸಿನಲ್ಲಿದ್ದವರು ನಮ್ಮನ್ನು ನರ್ಸ್‌ಗಳು ಅಂದುಕೊಂಡರೋ ಏನೋ. ನನಗೆ ಭಯದ ಜೊತೆಗೆ ಖುಷಿಯೂ ಇತ್ತು. ಅಷ್ಟೂ ಕೋಟು ನಾನು ಹೊಲಿದದ್ದು. ಒಬ್ಬರದ್ದೂ ಹೆಗಲ ಹತ್ತಿರ ಸುಕ್ಕು ಬಿದ್ದಿರಲಿಲ್ಲ.

ಗೇಟಿನಲ್ಲಿ ಅಪ್ಪ ಚೀಟಿ ಹಂಚಲು ನಿಂತಿದ್ದವನು ನಮ್ಮನ್ನು ನೋಡಿ ಬೆಪ್ಪಾದ. ನಾನು ಮನೆಯಲ್ಲಿ ಹೇಳಿರಲಿಲ್ಲ. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಪರ್ಸನೆಲ್ ಆಫೀಸರು ಹೊರಗೆ ಬಂದರು. ಕೋಟಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಸಾಲಿನವಳ ಬ್ಯಾಡ್ಜನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ಕಂಪನಿ ತಂತಿ" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಏನಯ್ಯಾ, ಇಷ್ಟು ತಾಮ್ರ ನಿನ್ನ ಗೇಟು ದಾಟಿ ಹೆಂಗೆ ಹೋಯ್ತು? ನೀನು ಕಾಯ್ತಾ ಇದ್ದಿದ್ದೇನು?" ಅಂದರು.

"ಗೊತ್ತಿಲ್ಲ ಸಾರ್. ನಾನು ಎಲ್ರುನೂ ನೋಡೇ ಬಿಡ್ತೀನಿ ಸಾರ್" ಅಂದ ಅಪ್ಪ. ಹಾಗೆ ಹೇಳುವಾಗಲೇ ಅವನ ಕಣ್ಣು ನನ್ನ ಮೇಲೆ ಬಿತ್ತು. ಅವನಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಅವನ ಮುಖ ನಾನು ಯಾವತ್ತೂ ನೋಡಿರದಂಥ ಮುಖವಾಗಿತ್ತು.

"ಬಿಚ್ಚಮ್ಮ. ಬಿಚ್ಚಾಕಿ ಒಳಕ್ಕೋಗು" ಅಂದ, ನನಗಷ್ಟೇ ಕೇಳುವ ಹಾಗೆ.

ನಾನು ಬಿಚ್ಚಿದೆ. ಐದು ಗುಂಡಿ ತೆಗೆಯಲು ಎಷ್ಟು ಹೊತ್ತು ಬೇಕು? ಕೋಟನ್ನು ಬ್ಯಾಡ್ಜಿನ ಸಮೇತ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಚೀಟಿ ತಗೊಂಡು ಒಳಗೆ ನಡೆದೆ. ಹಿಂದೆ ಆಫೀಸರು, "ತಂತಿ ಯಾರು ತಂದಿದ್ದು ಅಂತ ಹೇಳಿದ್ರೆ ಮಾತ್ರ ಉಳಿದವರು ಒಳಗೆ" ಅನ್ನುವುದು ಕೇಳಿಸಿತು.

"ನಾನೇ ತಂದಿದ್ದು ಸಾರ್. ಗೇಟಲ್ಲಿ ಅಲ್ಲ, ಹಿಂದಿನ ಬೇಲಿ ಕಡೆಯಿಂದ" ಅಂದಳು ಮಾಲೂರಕ್ಕ.

ಅದನ್ನು ಕೇಳಿಯೂ ನಾನು ತಿರುಗಿ ನೋಡಲಿಲ್ಲ.

ಆಕೆಗೆ ಅಲ್ಲೇ ಮೆಮೊ ಕೊಟ್ಟರು. ಅವಳನ್ನು ಬಿಟ್ಟು ನಾವು ಒಳಗೆ ಬರಲ್ಲ ಅಂತ ಉಳಿದವರೆಲ್ಲ ಗೇಟಿನ ಹೊರಗೆ ಕೂತುಬಿಟ್ಟರು. ಅವತ್ತು ಸುರುಳಿ ಸುತ್ತುವ ವಿಭಾಗದಲ್ಲಿ ನಾನೊಬ್ಬಳೇ. ಇಪ್ಪತ್ತೈದು ಯಂತ್ರ ಸುಮ್ಮನಿದ್ದವು, ಒಂದು ತಿರುಗುತ್ತಿತ್ತು. ಸೂಪರ್‌ವೈಸರು ಎರಡು ಸಲ ಬಂದು, ನೀನೊಬ್ಬಳು ಬುದ್ಧಿವಂತೆ ಅಂತ ಹೊಗಳಿ ಹೋದರು. ಮಂಗಳವಾರವೂ ಹೀಗೇ ಹೋಯಿತು. ಸಂಜೆ ಗೇಟು ದಾಟುವಾಗ ಹೊರಗೆ ಕೂತಿದ್ದವರು ಬೈಯಲಿಲ್ಲ, ಮಾತೂ ಆಡಿಸಲಿಲ್ಲ. ಅಪ್ಪ ನನ್ನ ಡಬ್ಬಿ ತೆರೆಸಿ ನೋಡಿದ. ಮನೆಯಲ್ಲಿ ನಾವಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಮುದ್ದೆ ಉಂಡೆವು.

ಮಂಗಳವಾರ ಸಂಜೆ ನಾನು ಕಾನ್ವೆಂಟಿಗೆ ಹೋದೆ. ಸಿಸ್ಟರ್ ತರಕಾರಿ ಮಡಿಗೆ ನೀರು ಹಾಕುತ್ತಿದ್ದರು. ಎಲ್ಲ ಹೇಳಿ ಅತ್ತೆ. ಅವರು ನನ್ನ ತಲೆ ಸವರಲಿಲ್ಲ, ಪರವಾಗಿಲ್ಲ ಅನ್ನಲೂ ಇಲ್ಲ.

"ನಿಮ್ಮಪ್ಪನಿಗೋಸ್ಕರ ಬಿಚ್ಚಿದೆ. ಸರಿ. ನಾಳೆ ಏನು ಮಾಡ್ತೀಯ?" ಅಂದರು.

"ತಂತಿ ನಾನೇ ತಂದೆ ಅಂದ್ರೆ ಅಪ್ಪನ ಕೆಲಸ ಹೋಗುತ್ತೆ ಸಿಸ್ಟರ್."

"ಅದು ನಂಗೂ ಗೊತ್ತು. ನಾಳೆ ಏನು ಮಾಡ್ತೀಯ ಅಂತ ಕೇಳಿದ್ದು."

ಬುಧವಾರ ಬೆಳಿಗ್ಗೆ ಕೋಟು ತೊಟ್ಟುಕೊಂಡೇ ಮನೆಯಿಂದ ಹೊರಟೆ. ಅಪ್ಪ ಗೇಟಿನಲ್ಲಿ ಚೀಟಿ ಹಿಡಿದು ನಿಂತಿದ್ದ. ನಾನು ಕೈ ಚಾಚಲಿಲ್ಲ.

"ಆಚೇನೇ ಕೂತ್ಕತೀಯಾ?" ಅಂದ.

"ಹೂಂ."

"ಕೂತ್ಕ ಓಗು" ಅಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸುಸ್ತಿತ್ತು.

ಮಾಲೂರಕ್ಕ ನನ್ನನ್ನು ನೋಡಿ, "ಆ ಕಡೆ ಕೂತ್ಕೋ, ಅಲ್ಲಿ ಬಿಸಿಲು ಬೀಳಲ್ಲ" ಅಂದಳು. ಬೇರೆ ಏನೂ ಅನ್ನಲಿಲ್ಲ. ಇಬ್ಬರು ಎದ್ದು ನನ್ನಿಂದ ದೂರ ಹೋಗಿ ಕೂತರು. ಅವರಲ್ಲಿ ಒಬ್ಬಳು ಆಮೇಲೆ ಎಷ್ಟೋ ವರ್ಷ ಒಂದೇ ಸಾಲಿನಲ್ಲಿ ಕೆಲಸ ಮಾಡಿದರೂ ನನ್ನ ಹತ್ತಿರ ಮಾತಾಡಲಿಲ್ಲ.

ಒಂಬತ್ತು ದಿನ ಕೂತೆವು. ನಾಲ್ಕನೇ ದಿನದಿಂದ ಅಪ್ಪ ಒಳಗಿನ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ತಂದು ಗೇಟಿನ ಹೊರಗೆ ಇಡತೊಡಗಿದ. ಅದಕ್ಕೆ ಅವನಿಗೂ ಒಂದು ಮೆಮೊ ಬಂತು. ಅದನ್ನು ಮಡಚಿ ಖಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಾರನೆಯ ದಿನವೂ ನೀರಿಟ್ಟ. ಆರನೇ ದಿನ ಯೂನಿಯನ್ನಿನ ಗಂಡಸರು ಬಂದು ನಮ್ಮ ಪಕ್ಕ ತಮ್ಮ ಕೆಂಪು ಬಾವುಟ ನೆಟ್ಟರು. ಮೊದಲೇ ನಮ್ಮನ್ನು ಒಂದು ಮಾತು ಕೇಳಬೇಕಿತ್ತು ಅಂತ ಸೆಕ್ರೆಟರಿ ಗೊಣಗಿದ. "ಕೇಳಿದ್ವಲ್ಲಪ್ಪ, ನೀನೇ ಆಮೇಲೆ ನೋಡೋಣ ಅಂದೆ" ಅಂದಳು ಮಾಲೂರಕ್ಕ. ಸುರುಳಿ ಇಲ್ಲದೆ ಉಳಿದ ವಿಭಾಗಗಳೂ ನಿಂತುಹೋದ ಮೇಲೆ ಕಂಪನಿ ಮಾತಿಗೆ ಬಂತು.

ಒಪ್ಪಂದ ಹೀಗಾಯಿತು: ಹೆಂಗಸರಿಗೂ ಕೋಟು ಕೊಡುವುದು, ನಂಬರಿನ ಬ್ಯಾಡ್ಜು ಕೊಡುವುದು, ಯಂತ್ರದ ಬೆಲ್ಟಿಗೆ ಜಾಲರಿ ಹಾಕಿಸುವುದು, ಹನ್ನೊಂದು ಜನರನ್ನು ಪರ್ಮನೆಂಟ್ ಮಾಡುವುದು. ನಾವು ಹೊಲಿದ ಕೋಟು ಮಾತ್ರ ಗೇಟಿನೊಳಗೆ ಬರಬಾರದು. ಅವರು ಕೊಟ್ಟದ್ದು ತಿಳಿ ನೀಲಿ, ಒರಟು ಬಟ್ಟೆ, ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು. ಆದರೂ ನಂಬರಿನ ಬ್ಯಾಡ್ಜು ಚುಚ್ಚಿಕೊಂಡ ದಿನ ಕೆಲವರು ಕ್ಯಾಂಟೀನಿನ ಕನ್ನಡಿಯ ಮುಂದೆ ಎರಡೆರಡು ಸಲ ಹೋಗಿ ನಿಂತರು.

ಹನ್ನೊಂದು ಜನರ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ನನ್ನ ಹೆಸರು ಇತ್ತು. ನನಗಿಂತ ಐದು ವರ್ಷ ಹಳಬಳಾದ ಮಾಲೂರಕ್ಕನ ಹೆಸರು ಇರಲಿಲ್ಲ. ಅವಳ ಮೇಲೆ ಕಳ್ಳತನದ ಮೆಮೊ ಇತ್ತು. ನನ್ನ ಹಾಜರಿಯಲ್ಲಿ, ಎಲ್ಲರೂ ಹೊರಗಿದ್ದ ಆ ಎರಡು ದಿನ ಕೆಲಸ ಮಾಡಿದ್ದು ದಾಖಲಾಗಿತ್ತು.

ನಾನು ಅವಳ ಹತ್ತಿರ ಹೋಗಿ, ಇದು ನನಗೆ ಬೇಡ, ಬರೆದುಕೊಡ್ತೀನಿ ಅಂದೆ.

"ನೀನು ಬಿಟ್ರೆ ಅದು ನಂಗೆ ಬರುತ್ತಾ?" ಅಂದಳು. "ತಗೋ. ಸುಮ್ನೆ ಡ್ರಾಮಾ ಮಾಡ್ಬೇಡ."

ತಗೊಂಡೆ. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಅಲ್ಲಿ ಸುರುಳಿ ಸುತ್ತುವ ಕೈಗೆ ಕೆಲಸವಿಲ್ಲ, ಬರೀ ರಟ್ಟಿನ ಪೆಟ್ಟಿಗೆ ಎತ್ತಿಡುವುದು. ಒಂದು ವರ್ಷ ಎತ್ತಿ ಬಿಟ್ಟುಹೋದಳು.

ಮೂರು ವರ್ಷದ ಮೇಲೆ ಯೂನಿಯನ್ ಕಮಿಟಿಗೆ ಹೆಂಗಸರ ಕಡೆಯಿಂದ ಒಬ್ಬರು ಬೇಕು ಅಂತ ಆದಾಗ ನನ್ನನ್ನು ನಿಲ್ಲಿಸಿದರು. ಅಷ್ಟರಲ್ಲಿ ಅಪ್ಪ ರಿಟೈರಾಗಿದ್ದ. ಮೊದಲನೇ ಮೀಟಿಂಗಿನಲ್ಲಿ ಟೀ ಬಂದ ಮೇಲೆ ನಾನು ಎದ್ದು ನಿಂತು, ಆ ತಂತಿ ಹೊರಗೆ ತಂದದ್ದು ನಾನು, ಮಾಲೂರಕ್ಕ ಅಲ್ಲ, ಅವಳ ಕೇಸನ್ನು ಮತ್ತೆ ಎತ್ತಬೇಕು ಅಂದೆ. ಒಂಬತ್ತು ಜನ ಗಂಡಸರು ಗ್ಲಾಸು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಸೆಕ್ರೆಟರಿ, ಇದನ್ನು ಮಿನಿಟ್ಸಿನಲ್ಲಿ ಬರೆಯೋದು ಬೇಡ ಅಂದ. ಬರೀರಿ ಅಂದೆ. ಬರೆದರು. ಕಂಪನಿಗೆ ಕಾಗದ ಹೋಯಿತು. ನನಗೂ ಒಂದು ಮೆಮೊ ಬಂತು, ಒಂದು ವರ್ಷದ ಇಂಕ್ರಿಮೆಂಟು ನಿಂತಿತು. ಅವಳನ್ನು ವಾಪಸು ತಗೊಳ್ಳುವ ಮಾತು ಮಾತ್ರ ಮೂರು ಮೀಟಿಂಗು ಮುಂದಕ್ಕೆ ಹೋಯಿತು.

ಮಾಲೂರಕ್ಕ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದ್ದಾಳೆ, ನಾಗಸಂದ್ರದಲ್ಲಿ ಮನೆ ಮಾಡಿದ್ದಾಳೆ ಅಂತ ತಿಳಿದು ಒಂದು ಭಾನುವಾರ ಎರಡು ಬಸ್ಸು ಬದಲಾಯಿಸಿ ಹುಡುಕಿಕೊಂಡು ಹೋದೆ. ಶೀಟಿನ ಮನೆ. ದೊಡ್ಡ ಮಗಳು ಅಕ್ಕಿ ಆರಿಸುತ್ತಿದ್ದಳು. ಕಮಿಟಿಯಲ್ಲಿ ಹೇಳಿದ್ದನ್ನು ಹೇಳಿದೆ. ಮಾಲೂರಕ್ಕ ಕಾಫಿ ಸೋಸುತ್ತಾ ಕೇಳಿಸಿಕೊಂಡಳು.

"ಯಾಕಕ್ಕ ಅವತ್ತು ನನ್ನನ್ನ ಉಳಿಸಿದೆ?" ಅಂದೆ.

"ನಿನ್ನನ್ನ ಉಳಿಸಿದೆ ಅಂತ ಯಾರು ಹೇಳಿದ್ರು? ನಿಮ್ಮಪ್ಪನ ಮುಖ ನೋಡಿ ಹೇಳಿದ್ದು ಕಣೇ. ಹೊಲ ಕೊಟ್ಟು ಆ ಗೇಟಲ್ಲಿ ನಿಂತಿದ್ದ ಆ ಮನುಷ್ಯ. ನಿನ್ನ ಮೇಲೆ ನಂಗೆ ತುಂಬಾ ದಿನ ಕೋಪ ಇತ್ತು."

"ಈಗ?"

"ಈಗ ಅದಕ್ಕೆ ಪುರುಸೊತ್ತಿಲ್ಲ" ಅಂದಳು. ವಾಪಸು ಬರುವ ಯೋಚನೆ ಅವಳಿಗಿರಲಿಲ್ಲ. ಹೊಸ ಕಾರ್ಖಾನೆಯಲ್ಲಿ ನಲವತ್ತು ಹೆಂಗಸರಿದ್ದರು, ಅವರಿಗೆ ಒಂದು ಕಕ್ಕಸು ಕೂಡ ಬೇರೆಯಾಗಿರಲಿಲ್ಲ. ಅದಕ್ಕೆ ಅರ್ಜಿ ಬರೆಯಬೇಕಿತ್ತು. ಅವಳಿಗೆ ಸಹಿ ಬಿಟ್ಟು ಹೆಚ್ಚು ಬರೆಯಲು ಬರುತ್ತಿರಲಿಲ್ಲ. ಮಗಳ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು ನನ್ನ ಮುಂದಿಟ್ಟಳು. ಅವಳು ಹೇಳಿದಳು, ನಾನು ಬರೆದೆ. ಎರಡು ಕಡೆ ತಪ್ಪಾಗಿದೆ ಅಂತ ಮಗಳು ತಿದ್ದಿದಳು. ಮಧ್ಯಾಹ್ನ ಅಲ್ಲೇ ಊಟ ಮಾಡಿ ಹೊರಟೆ.